ತರಂಗಂಬಾಡಿಯ ಬೀದಿ ಹೆಸರುಗಳ ದಾಖಲಾತಿ

ತರಂಗಂಬಾಡಿಯು ತಮಿಳುನಾಡಿನ ಮಯಿಲಾಡುತುರೈ ಜಿಲ್ಲೆಯಲ್ಲಿ ಬಂಗಾಳ ಕೊಲ್ಲಿಯ ದಡದಲ್ಲಿರುವ ಐತಿಹಾಸಿಕ ಊರು. ಯುರೋಪಿಯನ್ನರು ಇದನ್ನು ಟ್ರಾಂಕೆಬಾರ್ ಎಂದು ಕರೆದರು. ಒಂದೇ ಬೀದಿಗೆ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಭಾಷೆಯ ಹೆಸರುಗಳು ಬಳಕೆಗೆ ಬಂದುದರಿಂದ, ನಕ್ಷೆಗಾಗಿ ಬೀದಿ ಹೆಸರುಗಳನ್ನು ದಾಖಲಿಸುವ ಕಾರ್ಯಕ್ಕೆ ಈ ಊರು ಉತ್ತಮ ನಿದರ್ಶನವಾಗಿದೆ.

ಇತಿಹಾಸ

1620ರಲ್ಲಿ ತಂಜಾವೂರಿನ ರಘುನಾಥ ನಾಯಕನೊಂದಿಗೆ ಆದ ಒಪ್ಪಂದದಂತೆ ಡೇನರು ಇಲ್ಲಿ ನೆಲೆಯೂರಿ, ಡ್ಯಾನ್ಸ್‌ಬೋರ್ಗ್ ಕೋಟೆಯನ್ನು ಕಟ್ಟಿದರು. 1845ರಲ್ಲಿ ಊರು ಬ್ರಿಟಿಷ್ ಈಸ್ಟ್ ಇಂಡಿಯಾ ಕಂಪನಿಗೆ ಮಾರಾಟವಾಯಿತು. ಊರಬಾಗಿಲಿನಿಂದ ಕಡಲಿನತ್ತ ಸಾಗುವ ಮುಖ್ಯಬೀದಿಯಲ್ಲಿ 1701ರ ಝಯನ್ ಚರ್ಚ್ ಹಾಗೂ 1718ರ ನ್ಯೂ ಜೆರುಸಲೇಮ್ ಚರ್ಚ್ ಇವೆ. ಈ ಬೀದಿಯ ಡೇನಿಷ್ ಹೆಸರು ‘ಕೊಂಗೆನ್ಸ್‌ಗೇಡ್’. ಇಂಗ್ಲಿಷ್ ಹೆಸರು ‘ಕಿಂಗ್ಸ್ ಸ್ಟ್ರೀಟ್’. ಎರಡರ ಅರ್ಥವೂ ‘ರಾಜನ ಬೀದಿ’ ಎಂದೇ ಆಗಿದೆ.

ದಾಖಲಿಸುವ ಕ್ರಮ

2004ರಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ನಕ್ಷೆಗೆ ಸ್ವಯಂಸೇವಕರು ಮಾಹಿತಿ ಸೇರಿಸುತ್ತಾರೆ. ಸ್ಥಳದಲ್ಲಿ ಪರಿಶೀಲಿಸಬಹುದಾದುದನ್ನೇ ದಾಖಲಿಸಬೇಕೆಂಬುದು ಅದರ ಮೂಲ ನಿಯಮ. ಆದುದರಿಂದ ನಾಮಫಲಕವನ್ನು ಓದಿ, ನಿವಾಸಿಗಳನ್ನು ವಿಚಾರಿಸಿ ಹೆಸರನ್ನು ಖಚಿತಪಡಿಸಿಕೊಳ್ಳಬೇಕು. ಕೃತಿಸ್ವಾಮ್ಯವುಳ್ಳ ನಕ್ಷೆಗಳಿಂದ ನಕಲು ಮಾಡುವಂತಿಲ್ಲ. ಈಗ ಬಳಕೆಯಲ್ಲಿರುವ ಹೆಸರು ‘ನೇಮ್’ ಎಂಬ ಕಲಮಿನಲ್ಲಿಯೂ, ಬಳಕೆ ತಪ್ಪಿದ ಹೆಸರು ‘ಓಲ್ಡ್ ನೇಮ್’ ಎಂಬುದರಲ್ಲಿಯೂ, ಇತರ ಭಾಷೆಯ ರೂಪಗಳು ಆಯಾ ಭಾಷೆಯ ಸಂಕೇತದೊಡನೆಯೂ ಸೇರುತ್ತವೆ. ಹೀಗೆ ಒಂದು ಹೆಸರು ಮತ್ತೊಂದನ್ನು ಅಳಿಸುವುದಿಲ್ಲ.

ಲಿಪ್ಯಂತರ

ತಮಿಳು ಲಿಪಿಯಲ್ಲಿ ಕ–ಗ, ತ–ದ, ಪ–ಬ ಧ್ವನಿಗಳಿಗೆ ಪ್ರತ್ಯೇಕ ಅಕ್ಷರಗಳಿಲ್ಲ. ಬೀದಿ ಎಂಬ ಅರ್ಥದ ತಮಿಳು ಪದವನ್ನು ಅಕ್ಷರಶಃ ಬರೆದರೆ ‘ವೀತಿ’ ಎಂದಾಗುತ್ತದೆ; ಉಚ್ಚಾರಣೆ ಮಾತ್ರ ‘ವೀದಿ’. ಆದುದರಿಂದ ಕನ್ನಡ ರೂಪವನ್ನು ನಾಮಫಲಕ ನೋಡಿ ಮಾತ್ರವಲ್ಲದೆ, ಸ್ಥಳೀಯರ ಉಚ್ಚಾರಣೆಯನ್ನು ಕೇಳಿ ನಿರ್ಧರಿಸುವುದು ಸೂಕ್ತ.

ಮಹತ್ವ

2004ರ ಡಿಸೆಂಬರ್ 26ರ ಸುನಾಮಿಯಿಂದ ಈ ಊರಿನ ಮೀನುಗಾರರ ವಸತಿಗಳು ತೀವ್ರ ಹಾನಿಗೊಳಗಾದವು. ವಿಪತ್ತಿನ ವೇಳೆ ಹೊರಗಿನಿಂದ ಬರುವ ಪರಿಹಾರ ತಂಡಗಳಿಗೆ ಸಂತ್ರಸ್ತರು ತಾವು ಬಳಸುವ ಹೆಸರಿನಿಂದಲೇ ಸ್ಥಳವನ್ನು ತಿಳಿಸುತ್ತಾರೆ. ನಕ್ಷೆಯಲ್ಲಿ ಹಳೆಯ ಅಧಿಕೃತ ಹೆಸರು ಮಾತ್ರವಿದ್ದರೆ ನೆರವು ತಡವಾಗಬಹುದು. ಬಳಕೆಯ ಹೆಸರು ಮಾತ್ರವಿದ್ದರೆ ಹಳೆಯ ದಸ್ತಾವೇಜುಗಳಲ್ಲಿನ ಬೀದಿಯನ್ನು ಇಂದಿನ ಬೀದಿಯೊಂದಿಗೆ ಗುರುತಿಸುವುದು ಕಷ್ಟವಾಗುತ್ತದೆ. ಎರಡನ್ನೂ ದಾಖಲಿಸುವುದರಿಂದ ನಿವಾಸಿಗಳಿಗೂ ಇತಿಹಾಸದ ವಿದ್ಯಾರ್ಥಿಗಳಿಗೂ ನಕ್ಷೆಯು ಉಪಯುಕ್ತವಾಗುತ್ತದೆ.