ಹವಳದ ತೊಟ್ಟಿಯ ಹದ: ಅಮೋನಿಯಾ ನಿವಾರಣೆಯಲ್ಲಿ ಅನುಭವಜ್ಞಾನ ಮತ್ತು ವಿಜ್ಞಾನ

ಜ್ಞಾನದ ಚರಿತ್ರೆಯನ್ನು ಬರೆಯುವಾಗ ಗ್ರಂಥಗಳನ್ನೂ ಪ್ರಯೋಗಾಲಯಗಳನ್ನೂ ಆಧಾರವಾಗಿ ಇಟ್ಟುಕೊಳ್ಳುವುದು ಸಾಮಾನ್ಯ ಪದ್ಧತಿ. ಕೈಕೆಲಸದಲ್ಲಿ ಹುಟ್ಟಿ, ಬಾಯಿಂದ ಬಾಯಿಗೆ ಹರಿದು, ಬಹುಕಾಲದ ಮೇಲೆ ಅಕ್ಷರಕ್ಕೆ ಬಂದ ತಿಳಿವಳಿಕೆಯನ್ನು ಕೇವಲ ಅನುಭವವೆಂದು ಕರೆದು ಬದಿಗಿಡುವುದೂ ವಾಡಿಕೆಯಾಗಿದೆ. ಜಾನಪದ ಅಧ್ಯಯನವು ಈ ವಾಡಿಕೆಯನ್ನು ಪ್ರಶ್ನಿಸುತ್ತ ಬಂದಿದೆಯಾದರೂ, ಆ ಪ್ರಶ್ನೆ ಬಹುಮಟ್ಟಿಗೆ ಕೃಷಿ, ವೈದ್ಯ ಮತ್ತು ಕುಶಲಕರ್ಮಗಳ ವಲಯದಲ್ಲಿಯೇ ಉಳಿದಿದೆ. ಆಧುನಿಕ ಹವ್ಯಾಸವೊಂದರಲ್ಲಿಯೂ ಇದೇ ಬಗೆಯ ಜ್ಞಾನ ರೂಪುಗೊಂಡ ಬಗೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಮನೆಯ ಚಿಕ್ಕ ಗಾಜಿನ ತೊಟ್ಟಿಯಲ್ಲಿ ಉಪ್ಪುನೀರು ತುಂಬಿ ಹವಳ ಮತ್ತು ಮೀನುಗಳನ್ನು ಸಾಕುವ ಪದ್ಧತಿ ಇಲ್ಲಿನ ವಿಷಯ. ಆ ತೊಟ್ಟಿಗೆ ಒದಗುವ ಬಹುದೊಡ್ಡ ಗಂಡಾಂತರವಾದ ಅಮೋನಿಯಾದ ಏರಿಕೆ ಇಲ್ಲಿನ ಕೇಂದ್ರಬಿಂದು.

ಮೊದಲು ಗಂಡಾಂತರದ ಸ್ವರೂಪವನ್ನು ತಿಳಿಯಬೇಕು. ಮೀನಿನ ಕಿವಿರುಗಳಿಂದ, ತಿನ್ನದೆ ಉಳಿದ ಆಹಾರದಿಂದ, ಬಂಡೆಯ ಸಂದಿನಲ್ಲಿ ಕಣ್ಣಿಗೆ ಬೀಳದೆ ಸತ್ತ ಬಸವನಹುಳುವಿನಿಂದ ಅಮೋನಿಯಾ ನೀರಿಗೆ ಸೇರುತ್ತದೆ. ಕಡಲಿನ ಅಪಾರ ಜಲರಾಶಿಯಲ್ಲಿ ಇದು ಕರಗಿ ಹೋಗುತ್ತದೆ. 40 ಲೀಟರಿನ ತೊಟ್ಟಿಯಲ್ಲಿ ಅಂಥ ಅವಕಾಶವಿಲ್ಲ. ನೀರಿನಲ್ಲಿ ಅಮೋನಿಯಾ ಎರಡು ರೂಪಗಳಲ್ಲಿರುತ್ತದೆ. ಅಯಾನುಗೊಂಡ ರೂಪ ಅಷ್ಟು ಅಪಾಯಕಾರಿಯಲ್ಲ, ಅಯಾನುಗೊಳ್ಳದ ರೂಪ ಕಿವಿರುಗಳನ್ನು ದಾಟಿ ರಕ್ತವನ್ನು ಸೇರುತ್ತದೆ. ನೀರಿನ ಪಿಎಚ್ ಏರಿದಂತೆ ಈ ಎರಡನೆಯ ರೂಪದ ಪಾಲು ಹೆಚ್ಚುತ್ತದೆ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಪಿಎಚ್ 7 ಇರುವ ಸಿಹಿನೀರಿನಲ್ಲಿ ಅದು ನೂರಕ್ಕೆ ಅರ್ಧದಷ್ಟಿದ್ದರೆ, ಪಿಎಚ್ 8.2ರ ಕಡಲನೀರಿನಲ್ಲಿ ನೂರಕ್ಕೆ ಸುಮಾರು 7ರಷ್ಟಾಗುತ್ತದೆ. ಸಿಹಿನೀರಿನ ಮೀನು ಸಹಿಸಬಲ್ಲ ಕೊಳೆ ಹವಳದ ತೊಟ್ಟಿಯಲ್ಲಿ ಮಾರಕವಾಗುವುದು ಈ ಕಾರಣದಿಂದ. ಆಗಲೂ ನೀರು ತಿಳಿಯಾಗಿಯೇ ಕಾಣುತ್ತಿರಬಹುದು.

ಮನೆಯೊಳಗೆ ಹವಳವನ್ನು ದೀರ್ಘಕಾಲ ಬದುಕಿಸಿದ ಮೊದಲಿಗರಲ್ಲಿ ಇಂಗ್ಲೆಂಡಿನ ಅನಾ ಥಿನ್ ಪ್ರಮುಖರು. 1846ರಲ್ಲಿ ಅವರು ಟಾರ್ಕೀ ಕರಾವಳಿಯಿಂದ ಹವಳಜೀವಿಗಳನ್ನು ಲಂಡನ್ನಿಗೆ ತಂದರು. ಕಡಲನೀರು ಮೇಲಿಂದ ಮೇಲೆ ಸಿಗದಿದ್ದಾಗ, ಇದ್ದ ನೀರನ್ನೇ ತೆರೆದ ಕಿಟಕಿಯ ಬಳಿ ಪಾತ್ರೆಯಿಂದ ಪಾತ್ರೆಗೆ ಸುರಿದು ಗಾಳಿಯಾಡಿಸುವ ಕ್ರಮವನ್ನು ರೂಢಿಸಿದರು. ದಿನವೂ ಅರ್ಧ ಮುಕ್ಕಾಲು ಗಂಟೆ ಈ ಕೆಲಸ ಮಾಡಿದವಳು ಮನೆಯ ಸೇವಕಿ. 1847ರಲ್ಲಿ ಅವರು ಕಡಲ ಪಾಚಿಯನ್ನೂ ಸೇರಿಸಿದರು. ಈ ಅವಲೋಕನಗಳು 1859ರಲ್ಲಿ ಮುದ್ರಣಗೊಂಡವು. ಕೃತಿಯಲ್ಲಿ ಒಡತಿಯ ಹೆಸರು ಉಳಿಯಿತು, ಸುರಿದ ಕೈಯ ಹೆಸರು ಉಳಿಯಲಿಲ್ಲ. ಇದು ಈ ಚರಿತ್ರೆಯುದ್ದಕ್ಕೂ ಮರುಕಳಿಸುವ ಸಂಗತಿ.

ಇದೇ ಕಾಲಕ್ಕೆ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ 1850ರಲ್ಲಿ ತಮ್ಮ ಪ್ರಯೋಗವನ್ನು ಪ್ರಕಟಿಸಿದರು. ಮೀನು ಬಿಟ್ಟ ಉಸಿರನ್ನು ಸಸ್ಯ ಬಳಸಿಕೊಳ್ಳುತ್ತದೆ, ಸಸ್ಯ ಬಿಟ್ಟ ಆಮ್ಲಜನಕದಿಂದ ಮೀನು ಬದುಕುತ್ತದೆ ಎಂಬ ಸಮತೋಲನ ಸಿದ್ಧಾಂತವನ್ನು ಅವರು ತೊಟ್ಟಿಗೆ ಅನ್ವಯಿಸಿದರು. ಕೊಳೆತ ಎಲೆಗಳಿಂದ ನೀರು ಕೆಡುವುದನ್ನು ಕಂಡು, ಅವನ್ನು ತಿನ್ನಲು ಬಸವನಹುಳುಗಳನ್ನು ಬಿಟ್ಟರು. 1854ರಲ್ಲಿ ಫಿಲಿಪ್ ಹೆನ್ರಿ ಗಾಸ್ ಅವರ ‘ದಿ ಅಕ್ವೇರಿಯಂ’ ಕೃತಿ ಬಂದ ಮೇಲೆ ಈ ಹವ್ಯಾಸ ಮನೆಮನೆಗೆ ಹಬ್ಬಿತು. ಆದರೆ ಸಮತೋಲನ ಸಿದ್ಧಾಂತ ಉಸಿರಾಟದ ಲೆಕ್ಕವನ್ನು ಹೇಳಿತೇ ಹೊರತು ಕೊಳೆಯುವಿಕೆಯ ಲೆಕ್ಕವನ್ನು ಹೇಳಲಿಲ್ಲ. ಕೊಳೆತದ್ದು ಮುಂದೆ ಏನಾಗುತ್ತದೆ ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಅದಕ್ಕೆ ಉತ್ತರ ದೊರೆತದ್ದು ಮಣ್ಣಿನಿಂದ. ಬಿಹಾರದ ನೋನಿಯಾ ಸಮುದಾಯದವರು ದನದ ಕೊಟ್ಟಿಗೆ, ಹಳೆಯ ಮಣ್ಣಿನ ಗೋಡೆ ಹಾಗೂ ಜನವಸತಿಯ ಸುತ್ತಲಿನ ಮೇಲ್ಮಣ್ಣನ್ನು ಕೆರೆದು, ನೀರಿನಲ್ಲಿ ಸೋಸಿ, ಕಾಯಿಸಿ ಪೆಟ್ಲುಪ್ಪು ತೆಗೆಯುತ್ತಿದ್ದರು. 17ನೆಯ ಶತಮಾನದಿಂದ ಯುರೋಪಿನ ವ್ಯಾಪಾರಿ ಕಂಪನಿಗಳು ಅದನ್ನು ಸಿಡಿಮದ್ದಿಗಾಗಿ ಹಡಗುಗಳಲ್ಲಿ ಸಾಗಿಸಿದವು. ಗಂಜಲ ಬಿದ್ದ ನೆಲ ಕಾಲಕ್ರಮದಲ್ಲಿ ಉಪ್ಪು ಬಿಡುತ್ತದೆ ಎಂಬ ಅರಿವು ಈ ಕಸುಬಿನ ತಳಹದಿ. ಗಂಜಲದ ಅಮೋನಿಯಾ ಹೀಗೆ ನೈಟ್ರೇಟ್ ಆಗುವುದು ಜೀವಿಗಳ ಕೆಲಸವೆಂದು 1877ರಲ್ಲಿ ತೋರಿಸಿದವರು ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್. ಮರಳು ಮತ್ತು ಸುಣ್ಣಕಲ್ಲು ತುಂಬಿದ ಕೊಳವೆಯ ಮೂಲಕ ಅವರು ಚರಂಡಿ ನೀರನ್ನು ನಿಧಾನವಾಗಿ ಹರಿಸಿದರು. ಮೊದಲ 20 ದಿನ ಏನೂ ಬದಲಾಗಲಿಲ್ಲ, ಬಳಿಕ ನೈಟ್ರೇಟ್ ಕಾಣಿಸಿಕೊಂಡಿತು. ಕ್ಲೋರೋಫಾರ್ಮ್ ಆವಿ ಸೋಂಕಿಸಿದಾಗ ಕ್ರಿಯೆ ನಿಂತಿತು, ತೋಟದ ಮಣ್ಣಿನ ತಿಳಿಯನ್ನು ಸ್ವಲ್ಪ ಸೇರಿಸಿದಾಗ ಮತ್ತೆ ಆರಂಭವಾಯಿತು.

ಈ ಶೋಧವನ್ನು ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಮುಂದುವರಿಸಿದವರು ತೊಟ್ಟಿಯ ಪ್ರಯೋಗ ನಡೆಸಿದ್ದ ವಾರಿಂಗ್ಟನ್ನರ ಮಗ, ಅದೇ ಹೆಸರಿನ ರಾಬರ್ಟ್ ವಾರಿಂಗ್ಟನ್. ಅಮೋನಿಯಾ ಮೊದಲು ನೈಟ್ರೈಟ್ ಆಗಿ, ಅನಂತರ ನೈಟ್ರೇಟ್ ಆಗುವ ಎರಡು ಹಂತಗಳನ್ನು ಅವರು ಗುರುತಿಸಿದರು. 1890ರಲ್ಲಿ ವಿನೊಗ್ರಾಡ್‌ಸ್ಕಿ ಈ ಕೆಲಸ ಮಾಡುವ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿದರು. ತಂದೆಯ ತೊಟ್ಟಿಯಲ್ಲಿ ಉಳಿದಿದ್ದ ಪ್ರಶ್ನೆಗೆ ಮಗನ ಹೊಲದಲ್ಲಿ ಉತ್ತರ ಸಿಕ್ಕಿತು. ಆದರೂ ಆ ಉತ್ತರ ಹವ್ಯಾಸಿಗಳ ತೊಟ್ಟಿಗಳನ್ನು ತಲುಪಲು ದಶಕಗಳೇ ಹಿಡಿದವು.

ತೊಟ್ಟಿಯ ಕಡೆಯಿಂದ ಮುಂದಿನ ಹೆಜ್ಜೆ ಇಟ್ಟವರು ಜಕಾರ್ತದ ಹವ್ಯಾಸಿ ಲೀ ಚಿನ್ ಎಂಗ್. ಹವಳದ ದಿಬ್ಬದಿಂದ ತಂದ, ಸೂಕ್ಷ್ಮಜೀವಿಗಳಿಂದ ತುಂಬಿದ ಬಂಡೆಗಳನ್ನು ತೊಟ್ಟಿಯಲ್ಲಿಟ್ಟು, ಗಾಳಿಯ ಗುಳ್ಳೆಗಳಿಂದಷ್ಟೇ ನೀರನ್ನು ಆಡಿಸಿ ಅವರು ಹವಳಗಳನ್ನು ಬದುಕಿಸಿದರು. 1961ರಲ್ಲಿ ಅವರ ಪದ್ಧತಿ ಅಮೆರಿಕದ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಈ ಜೀವಬಂಡೆಯ ಜೊತೆಗೆ ನೊರೆ ತೆಗೆಯುವ ಸಾಧನವನ್ನು ಬಳಸುವ ಕ್ರಮ ಮುಂದೆ ಜರ್ಮನಿಯಲ್ಲಿ ಬೆಳೆದು ‘ಬರ್ಲಿನ್ ಪದ್ಧತಿ’ ಎಂದು ಹೆಸರಾಯಿತು. ಹೊಸ ತೊಟ್ಟಿಗೆ ಹಳೆಯ ತೊಟ್ಟಿಯ ಬಂಡೆಯನ್ನೋ ಮರಳನ್ನೋ ಹಾಕುವುದು ಹವ್ಯಾಸಿಗಳ ನಡುವೆ ರೂಢಿಯಾದ ಉಪಾಯ. ನಮ್ಮ ಅಡುಗೆಮನೆಯ ಮಾತಿನಲ್ಲಿ ಹೇಳುವುದಾದರೆ ಇದು ಹೆಪ್ಪು ಹಾಕುವ ಕ್ರಿಯೆ. ಹೆಪ್ಪಿಲ್ಲದ ತೊಟ್ಟಿ ಹದಕ್ಕೆ ಬರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು.

ಹದ ಕೆಟ್ಟಾಗ ಅನುಸರಿಸುವ ಕ್ರಮಗಳನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಸತ್ತ ಜೀವಿಯನ್ನು ಹುಡುಕಿ ತೆಗೆಯುವುದು, ಆಹಾರ ನಿಲ್ಲಿಸುವುದು, ಗಾಳಿಯಾಟ ಹೆಚ್ಚಿಸುವುದು, ಉಪ್ಪಿನಂಶ ಮತ್ತು ಉಷ್ಣತೆಗಳನ್ನು ಸರಿಹೊಂದಿಸಿದ ಹೊಸ ನೀರಿನಿಂದ ತೊಟ್ಟಿಯ ಕಾಲುಭಾಗದಿಂದ ಅರ್ಧಭಾಗದವರೆಗಿನ ನೀರನ್ನು ಬದಲಿಸುವುದು ಇವುಗಳಲ್ಲಿ ಮುಖ್ಯವಾದವು. ಅರ್ಧ ನೀರು ಬದಲಾದರೆ ಅಮೋನಿಯಾವೂ ಅರ್ಧಕ್ಕಿಳಿಯುತ್ತದೆ. ಮೂಲಕಾರಣ ಉಳಿದಿದ್ದರೆ ಮತ್ತೆ ಏರುತ್ತದೆ. ಸಿಹಿನೀರಿನಲ್ಲಿ ಅಮೋನಿಯಾವನ್ನು ಹೀರುವ ಜಿಯೋಲೈಟ್ ಕಲ್ಲು ಉಪ್ಪುನೀರಿನಲ್ಲಿ ಸೋಡಿಯಂನಿಂದಾಗಿ ಪ್ರಯೋಜನಕ್ಕೆ ಬರುವುದಿಲ್ಲ. ಗಾಬರಿಯಲ್ಲಿ ಶೋಧಕವನ್ನೂ ಮರಳನ್ನೂ ನಲ್ಲಿನೀರಿನಲ್ಲಿ ತೊಳೆಯುವುದು ಅತ್ಯಂತ ಹಾನಿಕರ. ನಲ್ಲಿನೀರಿನ ಕ್ಲೋರಿನ್, ಶ್ಲೋಸಿಂಗ್‌ರ ಕ್ಲೋರೋಫಾರ್ಮಿನಂತೆ, ಕೊಳೆಯನ್ನು ಅರಗಿಸುವ ಜೀವಿಗಳನ್ನೇ ಕೊಲ್ಲುತ್ತದೆ. ಶುಚಿ ಮತ್ತು ಹದ ಎರಡೂ ಒಂದೇ ಅಲ್ಲವೆಂಬ ತಿಳಿವು ಈ ಪರಂಪರೆಯ ಸಾರವೆನ್ನಬಹುದು.

ಹಾಗೆಂದು ಅನುಭವಜ್ಞಾನವನ್ನೆಲ್ಲ ಆದರ್ಶೀಕರಿಸುವುದು ಸಾಧುವಲ್ಲ. ತೊಟ್ಟಿಯನ್ನು ಹದಗೊಳಿಸಲು ಗಟ್ಟಿಮುಟ್ಟಾದ ಡ್ಯಾಮ್ಸೆಲ್ ಮೀನುಗಳನ್ನು ಅಮೋನಿಯಾದಲ್ಲಿ ಬೇಯಲು ಬಿಡುವ ಕ್ರೂರ ರೂಢಿಯೂ ಇದೇ ಪರಂಪರೆಯದು. ಮೀನಿಲ್ಲದೆ ಅಮೋನಿಯಾವನ್ನಷ್ಟೇ ಬೆರೆಸಿ ಬ್ಯಾಕ್ಟೀರಿಯಾ ಬೆಳೆಸುವ ಕ್ರಮ ಅದನ್ನು ಅನಗತ್ಯವಾಗಿಸಿತು. ಗಾಸ್ ಅವರ ಮಗ ಎಡ್ಮಂಡ್ 1907ರ ಆತ್ಮಕಥನದಲ್ಲಿ, ತಂದೆಯ ಪುಸ್ತಕಗಳನ್ನು ಓದಿದವರು ಇಂಗ್ಲೆಂಡಿನ ಕರಾವಳಿಯ ಬಂಡೆಗುಂಡಿಗಳನ್ನು ಬರಿದುಮಾಡಿದ್ದನ್ನು ವಿಷಾದದಿಂದ ದಾಖಲಿಸಿದ್ದಾರೆ. ಭಾರತದಲ್ಲಿ 2001ರಲ್ಲಿ ದಿಬ್ಬ ಕಟ್ಟುವ ಹವಳಗಳನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಲಾಯಿತು. ಆದ್ದರಿಂದ ಉತ್ತರ ಕನ್ನಡದ ನೇತ್ರಾಣಿಯ ಸುತ್ತಲಿನ ಹವಳಗಳು ಯಾರ ತೊಟ್ಟಿಗೂ ಸರಕಾಗಲಾರವು.

ಈ ಚರಿತ್ರೆಯ ಇತ್ತೀಚಿನ ಅಧ್ಯಾಯ ಜ್ಞಾನದ ಹರಿವಿನ ದಿಕ್ಕನ್ನೇ ತಿರುಗಿಸಿದೆ. 2005ರಲ್ಲಿ ಅಮೆರಿಕದ ಸಿಯಾಟಲ್ ಅಕ್ವೇರಿಯಂನ ಉಷ್ಣವಲಯದ ಕಡಲತೊಟ್ಟಿಯ ಜಲ್ಲಿಯಿಂದ ಅಮೋನಿಯಾವನ್ನು ಉಂಡು ಬದುಕುವ ಹೊಸ ಸೂಕ್ಷ್ಮಜೀವಿಯೊಂದನ್ನು ಬೇರ್ಪಡಿಸಲಾಯಿತು. ನೈಟ್ರೊಸೊಪುಮಿಲಸ್ ಮ್ಯಾರಿಟಿಮಸ್ ಎಂಬ ಈ ಜೀವಿ ಬ್ಯಾಕ್ಟೀರಿಯಾ ಗುಂಪಿನದಲ್ಲ, ಆರ್ಕಿಯಾ ಗುಂಪಿನದು. ಇದರ ಬಂಧುಗಳು ಸಾಗರಗಳಲ್ಲಿ ಅಪಾರ ಸಂಖ್ಯೆಯಲ್ಲಿವೆ. ಕಡಲನ್ನು ಅನುಕರಿಸಲು ಹೊರಟ ತೊಟ್ಟಿ ಹೀಗೆ ಕಡಲಿನ ಬಗೆಗೇ ಹೊಸದನ್ನು ಕಲಿಸಿತು.

ಒಟ್ಟಿನಲ್ಲಿ, ಅಮೋನಿಯಾ ನಿವಾರಣೆಯ ಜ್ಞಾನ ಒಬ್ಬರ ಶೋಧವಲ್ಲ. ಕಿಟಕಿಯ ಬಳಿ ನೀರು ಸುರಿದ ಸೇವಕಿ, ಕೊಟ್ಟಿಗೆಯ ಮಣ್ಣು ಕೆರೆದ ನೋನಿಯಾ, ಬಂಡೆಯನ್ನು ನಂಬಿದ ಜಕಾರ್ತದ ಹವ್ಯಾಸಿ ಮತ್ತು ಪ್ರಯೋಗಾಲಯದ ವಿಜ್ಞಾನಿ ಇದರಲ್ಲಿ ಪಾಲುದಾರರು. ಇವರಲ್ಲಿ ಕೆಲವರ ಹೆಸರುಗಳಷ್ಟೇ ದಾಖಲೆಯಲ್ಲಿವೆ. ಇಂದಿನ ಹವ್ಯಾಸಿಗಳ ಬಾಯಲ್ಲಿ ಓಡಾಡುತ್ತಿರುವ ಇಂಥ ತಿಳಿವನ್ನು, ಸರಿ ತಪ್ಪುಗಳ ಪರೀಕ್ಷೆಯೊಂದಿಗೆ, ಹೇಳಿದವರ ಹೆಸರಿನ ಸಮೇತ ಸಂಗ್ರಹಿಸುವುದು ಜಾನಪದ ಕ್ಷೇತ್ರಕಾರ್ಯದ ವ್ಯಾಪ್ತಿಗೆ ಸೇರಬೇಕಾಗಿದೆ.