ಮಾಳಿಗೆ ಮನೆ, ಆರ್‌ಸಿಸಿ ಮನೆ ಮತ್ತು ನಮ್ಮೂರ ಬ್ರೋಕರು

ನಮ್ಮ ಕಡೆ ಮನೆ ಕೊಳ್ಳೋಕೆ ಹೋದರೆ ಬ್ರೋಕರು ಮೂರು ವಿಷಯ ಹೇಳ್ತಾರೆ. ಬಾಗಿಲು ಯಾವ ದಿಕ್ಕು, ಬೋರಲ್ಲಿ ಎಷ್ಟು ಇಂಚು ನೀರು, ಆರ್‌ಸಿಸಿ ಹೌದೋ ಅಲ್ಲವೋ. ಬೇಸಿಗೆಯಲ್ಲಿ ಆ ಮನೆಯೊಳಗೆ ಮಲಗೋಕಾಗುತ್ತಾ ಅನ್ನೋದು ಮಾತ್ರ ಪಟ್ಟಿಯಲ್ಲೇ ಇಲ್ಲ! ಏಪ್ರಿಲ್ ತಿಂಗಳ ಮಧ್ಯಾಹ್ನ ಕೂಡ್ಲಿಗಿಯಿಂದ ಕೊಟ್ಟೂರಿಗೆ ಬಸ್ಸಲ್ಲಿ ಹೋದವರಿಗೆ ಇದು ಎಷ್ಟು ವಿಚಿತ್ರ ಅಂತ ಗೊತ್ತಾಗುತ್ತೆ. ಈ ಪ್ರಶ್ನೆ ಯಾವಾಗ ಬಿಟ್ಟುಹೋಯಿತು ಅಂತ ಹುಡುಕುತ್ತಾ ಹೋದಾಗ ಸಿಕ್ಕಿದ್ದನ್ನ ಇಲ್ಲಿ ಬರೀತಿದ್ದೀನಿ. ನಾನು ಕೋಡ್ ಬರೆಯೋನು, ಇತಿಹಾಸಕಾರ ಅಲ್ಲ. ಹೆಚ್ಚು ತಿಳಿದವರು ಸೇರಿಸಿ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಈ ಊರುಗಳ ವಿಳಾಸ ಎಷ್ಟು ಸಲ ಬದಲಾಗಿದೆ ನೋಡಿ. 1953ರ ಅಕ್ಟೋಬರ್ 1ರವರೆಗೆ ಮದ್ರಾಸಿಗೆ ಸೇರಿದ್ದ ಬಳ್ಳಾರಿ ಸೀಮೆ, ಆಮೇಲೆ ಮೈಸೂರು ರಾಜ್ಯ. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, ಮತ್ತೆ ಬಳ್ಳಾರಿಗೆ ಬಂದು, 2021ರಲ್ಲಿ ಉಳಿದ ನಾಲ್ಕರ ಜೊತೆ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಜಿಲ್ಲೆ ಬದಲಾಯಿತು, ಬಿಸಿಲು ಬದಲಾಗಲಿಲ್ಲ :)

ಆ ಬಿಸಿಲಿಗೆ ನಮ್ಮ ಹಿರಿಯರು ಕಂಡುಕೊಂಡ ಉತ್ತರ ಮಾಳಿಗೆ ಮನೆ. ಎರಡಡಿ ದಪ್ಪದ ಕಲ್ಲು-ಮಣ್ಣಿನ ಗೋಡೆ, ಮೇಲೆ ತೊಲೆ, ತೊಲೆ ಮೇಲೆ ಜಂತೆ, ಅದರ ಮೇಲೆ ಸೊಪ್ಪು ಸದೆ, ಅದರ ಮೇಲೆ ಗೇಣುದ್ದ ಮಣ್ಣು. ಎಲ್ಲಕ್ಕಿಂತ ಮೇಲೆ ಕರಲು ಮಣ್ಣು. ಈ ಕರಲು ಮಣ್ಣಿನ ಗುಣ ಮಜವಾಗಿದೆ. ಅದರಲ್ಲಿ ಸೋಡಿಯಂ ಜಾಸ್ತಿ. ನೀರು ಬಿದ್ದ ಕೂಡಲೆ ಊದಿಕೊಂಡು ತನ್ನ ಸಂದುಗಳನ್ನ ತಾನೇ ಮುಚ್ಚಿಕೊಳ್ಳುತ್ತೆ, ಮಳೆ ಕೆಳಗಿಳಿಯೋದಿಲ್ಲ. ಬೆಳೆಗೆ ಬಾರದ ಮಣ್ಣು ಮನೆಗೆ ಛತ್ರಿ ಆಯಿತು. ಗಾಳಿ ಬೆಳಕಿಗೆ ಮಾಳಿಗೆಯಲ್ಲೊಂದು ಗವಾಕ್ಷಿ. ಬಿಸಿ ಗಾಳಿ ಮೇಲೇರಿ ಅಲ್ಲಿಂದ ಹೊರಗೆ.

ಇದರ ಲೆಕ್ಕ ಸರಳ. ದಪ್ಪ ಮಣ್ಣು ಮಧ್ಯಾಹ್ನದ ಕಾವನ್ನ ಹೀರಿಕೊಂಡು ನಿಧಾನಕ್ಕೆ ಒಳಗೆ ಬಿಡುತ್ತೆ, ಅದು ಒಳಗೆ ತಲುಪೋ ಹೊತ್ತಿಗೆ ಹೊರಗೆ ರಾತ್ರಿಯ ತಂಪು. ನಾಲ್ಕೈದು ಇಂಚಿನ ಕಾಂಕ್ರೀಟ್ ತಾರಸಿಗೆ ಅಷ್ಟು ತಾಳ್ಮೆ ಇಲ್ಲ. ಕೆಲವೇ ಗಂಟೆಯಲ್ಲಿ ಕಾವು ಸೂರಿನ ಕೆಳಗೆ ಬಂದು, ನಾವು ಮಲಗೋ ಹೊತ್ತಿಗೆ ಸರಿಯಾಗಿ ತಲೆ ಮೇಲೆ ಸುರಿಯುತ್ತೆ.

ಹಾಗಾದ್ರೆ ಜನ ಯಾಕೆ ಬಿಟ್ಟರು? ದಡ್ಡರಾಗಿ ಅಲ್ಲ. ಪ್ರತಿ ಮಳೆಗಾಲದ ಮುಂಚೆ ಬುಟ್ಟಿ ಬುಟ್ಟಿ ಕರಲು ಹೊರಬೇಕು. ತೊಲೆಗೆ ಗೆದ್ದಲು, ಗೋಡೆಗೆ ಇಲಿ, ಜಡಿಮಳೆ ಹಿಡಿದರೆ ಸೋರೋ ಭಯ. ಜೊತೆಗೆ ಸಿಮೆಂಟು ಸುಲಭವಾಯಿತು. ಒಂದು ಕಾಲಕ್ಕೆ ಸಿಮೆಂಟಿನ ಬೆಲೆ, ಹಂಚಿಕೆ ಎರಡೂ ಸರ್ಕಾರದ ಹಿಡಿತದಲ್ಲಿತ್ತು. 1982ರಲ್ಲಿ ಅರ್ಧ ಹಿಡಿತ ಸಡಿಲವಾಯಿತು, 1989ರಲ್ಲಿ ಪೂರ್ತಿ ಹೋಯಿತು. ಆಮೇಲೆ ದುಡ್ಡಿದ್ದವರಿಗೆಲ್ಲ ಸಿಮೆಂಟು. ಆರ್‌ಸಿಸಿ ಅನ್ನೋದು ಕಟ್ಟುವ ವಿಧಾನವಾಗಿ ಬಂದು ಅಂತಸ್ತಿನ ಹೆಸರಾಯಿತು.

ಈ ಅಂತಸ್ತನ್ನ ಬೆಲೆಯಾಗಿಸಿದ್ದು ದಲ್ಲಾಳಿಗಳು. ಕೊಟ್ಟೂರಿನ ನಮ್ಮಜ್ಜನ ಮನೆ ಮಾರೋ ಮಾತು ಬಂದಾಗ ಒಬ್ಬ ಬ್ರೋಕರು ಬಂದು ನೋಡಿದರು. ಒಳಗೆ ಕೂತು ನೀರು ಕುಡಿದು, "ಏನ್ ತಂಪೈತಪ್ಪಾ ಇಲ್ಲಿ" ಅಂದರು. ಆಮೇಲೆ ಲೆಕ್ಕ ಹಾಕಿದರು. ಜಾಗಕ್ಕೆ ಇಷ್ಟು. ಮನೆಗೆ ಸೊನ್ನೆ. ಸೊನ್ನೆಯೂ ಅಲ್ಲ, ಕೆಡವೋ ಖರ್ಚು ಕಳೆದರು! ಅವರು ಮೋಸಗಾರರಲ್ಲ, ಮಾರುಕಟ್ಟೆ ಹೇಳಿದ್ದನ್ನ ಹೇಳಿದರು. ಆದರೆ ಐದು ನಿಮಿಷದ ಹಿಂದೆ ಅವರ ಬಾಯಲ್ಲೇ ಬಂದ 'ತಂಪು' ಲೆಕ್ಕದ ಚೀಟಿಗೆ ಬರಲೇ ಇಲ್ಲ. ಅದಕ್ಕೊಂದು ಕಾಲಂ ಇರಲಿಲ್ಲ ಅಷ್ಟೇ.

ಬೇರೆ ಕಡೆ ಆ ಕಾಲಂ ಇದೆ. ಮನೆ ಮಾರುವಾಗ ಅದು ಎಷ್ಟು ಶಕ್ತಿ ನುಂಗುತ್ತೆ ಅಂತ ಲೇಬಲ್ ಕೊಡೋದನ್ನ ಡೆನ್ಮಾರ್ಕ್ 1997ರಲ್ಲೇ ಶುರು ಮಾಡಿತು. 2002ರಲ್ಲಿ ಯೂರೋಪಿನ ಒಕ್ಕೂಟ ಅದನ್ನ ಎಲ್ಲ ಸದಸ್ಯ ದೇಶಗಳಿಗೂ ಹೇಳಿತು. ಇಂಗ್ಲೆಂಡಿನಲ್ಲಿ 2007ರಿಂದ ಮನೆಗಳಿಗೆ 'ಎ'ಯಿಂದ 'ಜಿ'ವರೆಗೆ ದರ್ಜೆ, ಮಾರಾಟದ ಜಾಹೀರಾತಿನಲ್ಲೇ ಆ ಅಕ್ಷರ ಹಾಕಬೇಕು.

ನಮ್ಮಲ್ಲಿ? ಫ್ರಿಜ್ಜಿಗೆ ನಕ್ಷತ್ರ 2006ರಲ್ಲಿ ಬಂತು. ಈಗ ಅಂಗಡಿಯವರೇ "ತ್ರೀ ಸ್ಟಾರಾ, ಫೈವ್ ಸ್ಟಾರಾ?" ಅಂತ ಕೇಳ್ತಾರೆ. ಮನೆಗೂ ಇಂಥದೇ ನಕ್ಷತ್ರದ ಲೇಬಲ್ 2019ರಲ್ಲಿ ಬಂತು ಅಂದ್ರೆ ನಂಬ್ತೀರಾ? ಅದಕ್ಕೂ ಮುಂಚೆ, 2018ರ ಡಿಸೆಂಬರಿನಲ್ಲಿ 'ಎಕೋ ನಿವಾಸ ಸಂಹಿತೆ' ಬಂತು. ಅದರ ಪ್ರಕಾರ ಸೂರಿನ ಮೂಲಕ ಚದರ ಮೀಟರಿಗೆ, ಒಂದು ಡಿಗ್ರಿ ವ್ಯತ್ಯಾಸಕ್ಕೆ 1.2 ವ್ಯಾಟಿಗಿಂತ ಹೆಚ್ಚು ಕಾವು ದಾಟಬಾರದು. ಬರೀ ಕಾಂಕ್ರೀಟ್ ತಾರಸಿಯಲ್ಲಿ ಅದು 3ಕ್ಕೂ ಮೇಲೆ. ಆದರೆ ಈ ಸಂಹಿತೆ 500 ಚದರ ಮೀಟರ್ ಅಥವಾ ಅದಕ್ಕಿಂತ ದೊಡ್ಡ ನಿವೇಶನಕ್ಕೆ. ನಮ್ಮೂರಿನ ಮೂವತ್ತು-ನಲವತ್ತರ ಸೈಟು ಸುಮಾರು 111 ಚದರ ಮೀಟರ್. 2016ರ ರೇರಾ ಕಾಯ್ದೆ ಏಜೆಂಟರನ್ನ ನೋಂದಣಿಗೆ ತಂದಿದ್ದು ನಿಜ, ಆದರೆ ಅದು ಹೊಸ ಪ್ರಾಜೆಕ್ಟುಗಳ ಮಾರಾಟಕ್ಕೆ. ಹಗರಿಬೊಮ್ಮನಹಳ್ಳಿಯ ಹಳೇ ಮನೆಯೊಂದು ಕೈ ಬದಲಾಯಿಸೋ ಜಾಗಕ್ಕೆ ಈ ಎರಡೂ ತಲುಪೋದಿಲ್ಲ. ಅಲ್ಲಿಗೆ ತಲುಪೋದು ಚಹಾ ಅಂಗಡಿ ಮುಂದೆ ಬೈಕ್ ನಿಲ್ಲಿಸಿರೋ ಬ್ರೋಕರು ಮಾತ್ರ.

ಅವರಿಂದ ಆಗುತ್ತಾ? ಆಗುತ್ತೆ ಅನ್ನೋಕೆ ಸಾಕ್ಷಿ ವಾಸ್ತು. ಪೂರ್ವದ ಬಾಗಿಲಿಗೆ ಹೆಚ್ಚು ಬೆಲೆ ಕೊಡಿ ಅಂತ ಯಾವ ಕಾಯ್ದೆಯೂ ಹೇಳಿಲ್ಲ. ನಂಬಿಕೆ ಮೊದಲೇ ಇತ್ತು, ಅದಕ್ಕೆ ರೇಟು ಕಟ್ಟಿದ್ದು ಬ್ರೋಕರ ಬಾಯಿ. ಅದೇ ಬಾಯಿ ಇನ್ನು ನಾಲ್ಕು ಮಾತು ಹೇಳಿದರೆ ಸಾಕು. ಪಡುವಣ ಗೋಡೆಗೆ ನೆರಳಿದೆಯಾ? ತಾರಸಿಗೆ ಸುಣ್ಣವೋ ಬಿಳಿ ಹೆಂಚೋ ಇದೆಯಾ? ಎದುರುಬದುರು ಕಿಟಕಿ ಇದೆಯಾ? ಮಳೆನೀರು ತೊಟ್ಟಿಗೆ ಹೋಗುತ್ತಾ, ಬೀದಿಗೆ ಹೋಗುತ್ತಾ? ಇವನ್ನ ನೋಡೋಕೆ ಯಂತ್ರ ಬೇಡ, ಕಣ್ಣು ಸಾಕು. ಪಕ್ಕದ ತೆಲಂಗಾಣ 2023ರಲ್ಲಿ ತಂಪು ತಾರಸಿಗೆ ಅಂತಲೇ ಒಂದು ನೀತಿ ತಂದಿದೆ. ತಾರಸಿ ಮೇಲಿನ ಸೋಲಾರಿಗೆ 2024ರ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಹಾಯಧನ. ಇದನ್ನ ಕೊಳ್ಳುವವರಿಗೆ ಹೇಳೋಕೂ ಅವರೇ ಸರಿಯಾದ ಜನ. ಇನ್ನು ಕಟ್ಟೋರಿಗೆ ಮಣ್ಣು ಬೇಕು, ಗೆದ್ದಲು ಬೇಡ ಅಂದರೆ ನಡುದಾರಿಯೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಶುರು ಮಾಡಿದ 'ಅಸ್ತ್ರ'ದಲ್ಲಿ ಕೆ.ಎಸ್. ಜಗದೀಶ್ ಮತ್ತು ಗೆಳೆಯರು ಸ್ವಲ್ಪ ಸಿಮೆಂಟು ಬೆರೆಸಿ ಒತ್ತಿದ, ಸುಡದ ಮಣ್ಣಿನ ಇಟ್ಟಿಗೆ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ.

ಒಂದು ತೊಡಕು ಇದೆ, ಮುಚ್ಚಿಡಲ್ಲ. ಬೇರೆ ದೇಶದ ಏಜೆಂಟು "ಕರೆಂಟ್ ಬಿಲ್ ಉಳಿಯುತ್ತೆ" ಅಂತ ಮಾರ್ತಾನೆ. ನಮ್ಮಲ್ಲಿ 2023ರಲ್ಲಿ ಗೃಹಜ್ಯೋತಿ ಬಂದಮೇಲೆ ಎಷ್ಟೋ ಮನೆಗಳ ಬಿಲ್ಲೇ ಸೊನ್ನೆ. ಹಾಗಾಗಿ ಇಲ್ಲಿ ಉಳಿತಾಯ ಮಾರೋಕಾಗಲ್ಲ, ನಿದ್ದೆ ಮಾರಬೇಕು. ಮೇ ತಿಂಗಳಲ್ಲಿ ಕರೆಂಟ್ ಹೋದ ರಾತ್ರಿ ಬಾಣಂತಿ, ಮಗು, ವಯಸ್ಸಾದವರು ಯಾವ ಕೋಣೆಯಲ್ಲಿ ಮಲಗಬಹುದು ಅನ್ನೋದನ್ನ ಹೇಳಿ ಮಾರಬೇಕು. ನನಗನ್ನಿಸೋ ಪ್ರಕಾರ ಬಿಲ್ಲಿಗಿಂತ ಇದೇ ಜನಕ್ಕೆ ಬೇಗ ಅರ್ಥವಾಗುತ್ತೆ.

ಬ್ರೋಕರು ಹೇಳಬೇಕಾದರೆ ಮೊದಲು ನಾವು ಕೇಳಬೇಕಲ್ಲ? ಮುಂದಿನ ಸಲ ಮನೆ ನೋಡೋಕೆ ಹೋಗೋರು ಬೆಳಿಗ್ಗೆ ಹತ್ತಕ್ಕೆ ಹೋಗಬೇಡಿ, ಮಧ್ಯಾಹ್ನ ಮೂರಕ್ಕೆ ಹೋಗಿ. ಮೇಲಿನ ಮಹಡಿಯಲ್ಲಿ ಫ್ಯಾನ್ ಆರಿಸಿ ಹತ್ತು ನಿಮಿಷ ಕೂತು, ಆಮೇಲೆ ರೇಟು ಮಾತಾಡಿ. ನಿಮ್ಮೂರಲ್ಲಿ ಮಾಳಿಗೆ ಮನೆಗೆ ಏನಂತಾರೆ, ಯಾವ ಮಣ್ಣು, ಯಾವ ಸೊಪ್ಪು ಹಾಕ್ತಿದ್ದರು? ಹಿರಿಯರನ್ನ ಕೇಳಿ ಬರೆಯಿರಿ. ಅವರಿದ್ದಾಗಲೇ ಕೇಳಿದರೆ ಒಳ್ಳೇದು.