ಮಿತಪ್ರತಿಯ ಮುದ್ರಾಚಿತ್ರಗಳು

ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಹೆದ್ದಾರಿಯ ಮೇಲೆ, ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಸಮೀಪದಲ್ಲಿ, ಟಿ. ದಾಸರಹಳ್ಳಿಯೆಂಬ ಊರಿರುವುದು. ಈ ಸೀಮೆಯ ಕಾರ್ಖಾನೆಗಳಲ್ಲಿ ಸಾವಿರ ತಿರುಪುಗಳು ಒಂದರಂತೆ ಒಂದು ಹೊರಬಿದ್ದರೆ ಅದು ಯಂತ್ರದ ಗುಣವೆಂದೆಣಿಸಲ್ಪಡುವುದು. ಆದರೆ ಒಂದು ಚಿತ್ರವು ಸಾವಿರ ಪ್ರತಿಗಳಾಗಿ ಹೊರಬಂದರೆ ಅದು ಗುಣವೋ ದೋಷವೋ? ಈ ಪ್ರಶ್ನೆಯು ಹೊಸದಲ್ಲ.

ಬವೇರಿಯ ದೇಶದ ಸೆನೆಫೆಲ್ಡರನು 1796ರ ಸುಮಾರಿಗೆ ಕಲ್ಲಚ್ಚಿನ ವಿದ್ಯೆಯನ್ನು ಕಂಡುಹಿಡಿದನು. ಆ ವಿದ್ಯೆಯನ್ನೇ ಆಶ್ರಯಿಸಿ ರಾಜಾ ರವಿವರ್ಮರು 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿದರು. ಒಂದೊಂದು ವರ್ಣಕ್ಕೂ ಬೇರೆ ಕಲ್ಲು. ಹೀಗೆ ಅನೇಕ ಕಲ್ಲುಗಳು ಸೇರಿ ಒಂದು ಚಿತ್ರ. ಅವರ ಮೂಲ ತೈಲಚಿತ್ರಗಳನ್ನು ನೋಡಬೇಕಾದರೆ ಮೈಸೂರಿನ ಜಗನ್ಮೋಹನ ಅರಮನೆಗೆ ಹೋಗಬೇಕು. ಅಚ್ಚಿನ ಲಕ್ಷ್ಮೀಸರಸ್ವತಿಯರಾದರೋ ಬಡವರ ದೇವರ ಗೂಡಿಗೂ ತಾವಾಗಿಯೇ ಬಂದರು. ಅಲ್ಲಿ ಬಾಹುಳ್ಯವೇ ಪುಣ್ಯವಾಯಿತು.

ಇದಕ್ಕೆ ವಿರುದ್ಧವಾದ ಇನ್ನೊಂದು ಸಂಪ್ರದಾಯವೂ ಉಂಟು. ತಾಮ್ರದ ತಗಡಿನಲ್ಲಿ ಕೊರೆದ ಗೆರೆಗಳು ಅಚ್ಚೊತ್ತಿದಂತೆಲ್ಲ ಸವೆಯುವುವು. ಮೊದಲ ಪ್ರತಿಗಳ ಸ್ಫುಟತೆ ಕಡೆಯವಕ್ಕಿರದು. ಆದುದರಿಂದ ಕಲಾವಿದನು ಇಂತಿಷ್ಟೇ ಪ್ರತಿಗಳೆಂದು ನಿಯಮಿಸಿ, 7/50 ಎಂದು, ಅಂದರೆ ಐವತ್ತರಲ್ಲಿ ಏಳನೆಯದೆಂದು, ಸೀಸದ ಕಡ್ಡಿಯಿಂದ ಬರೆದು ರುಜು ಮಾಡಿ, ಬಳಿಕ ತಗಡನ್ನು ಗೀಚಿ ಕೆಡಿಸುವ ಪದ್ಧತಿ ಬಂದಿತು.

1991ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಗ್ರಹಾಮ್ ನ್ಯಾಶ್ ಎಂಬ ಗಾಯಕರು ನ್ಯಾಶ್ ಎಡಿಷನ್ಸ್ ಎಂಬ ಮುದ್ರಣಶಾಲೆಯನ್ನು ತೆರೆದು, ಇಂಕ್‌ಜೆಟ್ ಯಂತ್ರವನ್ನು ಕಲೆಯ ಸೇವೆಗೆ ತಂದರು. ಒಂದು ಲೀಟರನ್ನು ಲಕ್ಷ ಕೋಟಿ ಭಾಗ ಮಾಡಿದರೆ ಅಂತಹ ಕೆಲವೇ ಭಾಗಗಳಷ್ಟಿರುವ ಮಸಿಯ ಹನಿಗಳನ್ನು ಈಗಿನ ಯಂತ್ರಗಳು ಕಾಗದದ ಮೇಲೆ ಚಿಮ್ಮಿಸುತ್ತವೆ. ಆರಂಭದ ಮಸಿಗಳು ಬೇಗನೆ ಮಾಸುತ್ತಿದ್ದುವು. ಅನಂತರ ಬಂದ ವರ್ಣಚೂರ್ಣದ ಮಸಿಯೂ ಆಮ್ಲರಹಿತವಾದ ಹತ್ತಿಯ ಕಾಗದವೂ ಆ ಕೊರತೆಯನ್ನು ಬಹುಮಟ್ಟಿಗೆ ನೀಗಿಸಿದುವು. ಬೆಂಗಳೂರಿನಲ್ಲಿಯೂ, ನಗರದ ಹಳೆಯ ಬಾಳನ್ನು ನಗೆಗೂಡಿಸಿ ಬರೆದ ಪಾಲ್ ಫರ್ನಾಂಡಿಸರ ಚಿತ್ರಗಳು ಅಚ್ಚಿನ ರೂಪದಲ್ಲಿಯೇ ಅನೇಕ ಮನೆಗಳ ಗೋಡೆಗಳನ್ನು ಸೇರಿದುವು.

ಆದರೆ ಗಣಕಯಂತ್ರದಲ್ಲಿರುವ ಚಿತ್ರಕ್ಕೆ ಸವೆತವೆಂಬುದಿಲ್ಲ. ದೀಪದಿಂದ ಹೊತ್ತಿಸಿದ ದೀಪದಂತೆ ಐವತ್ತನೆಯ ಪ್ರತಿಯೂ ಮೊದಲನೆಯದರಷ್ಟೇ ಉಜ್ವಲ. ಐವತ್ತೊಂದನೆಯದನ್ನು ತಡೆಯುವ ವಸ್ತುಧರ್ಮ ಯಾವುದೂ ಇಲ್ಲ. ಅದೇ ಚಿತ್ರವನ್ನು ಅಳತೆ ಬದಲಿಸಿ ಹೊಸದಾಗಿ ಒಂದರಿಂದ ಎಣಿಸುವ ಉಪಾಯಕ್ಕೂ ಅವಕಾಶವುಂಟು. ಆದ್ದರಿಂದ ಕೊಳ್ಳುವವರು ಒಟ್ಟು ಪ್ರತಿಗಳೆಷ್ಟು, ಬೇರೆ ಅಳತೆಗಳಲ್ಲಿ ಅಚ್ಚಾಗಿದೆಯೇ, ಕಾಗದ ಮಸಿಗಳಾವುವು ಎಂಬುದನ್ನು ಬರೆಹದಲ್ಲಿ ಕೇಳಿ ಪಡೆಯುವುದು ಯುಕ್ತ.

ಹಿಂದೆ ತಾಮ್ರವು ಸವೆದು ಸಂಖ್ಯೆಯನ್ನು ಕಾಯುತ್ತಿತ್ತು. ಈಗ ಕಲಾವಿದನ ಮಾತೇ ಅದನ್ನು ಕಾಯಬೇಕು. ಪೀಣ್ಯದ ತಿರುಪನ್ನು ಗೇಜು ಹಿಡಿದು ಪರೀಕ್ಷಿಸಬಹುದು. 7/50 ಎಂಬ ಬರೆಹಕ್ಕೆ ಅಂತಹ ಗೇಜಿಲ್ಲ. ಅದನ್ನು ಬರೆದವನ ಸತ್ಯನಿಷ್ಠೆಯೇ ಅದರ ಬೆಲೆ.